ಮುಠಾ ಕಾಲುವೆಯಿಂದ ಭದ್ರಾವತಿಯ ಕುಲುಮೆಗೆ

ಊರಿನಿಂದ ಪುಣೆಗೆ ಬರುವ ನಮ್ಮಲ್ಲಿ ಅನೇಕರು ಬಸ್ಸಿಳಿಯುವುದು ಸ್ವಾರಗೇಟದಲ್ಲಿ. ಅಲ್ಲಿಂದ ಪರ್ವತಿ ಗುಡ್ಡದ ಕಡೆಗೆ ನಡೆದರೆ ಮುಠಾ ಬಲದಂಡೆ ಕಾಲುವೆ ಸಿಗುತ್ತದೆ. ಖಡಕವಾಸ್ಲಾ ಜಲಾಶಯದಿಂದ ಬರುವ ಈ ನೀರಿಗೂ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೂ ಒಂದು ನಂಟಿದೆ. ಎರಡನ್ನೂ ಬೆಸೆಯುವ ಹೆಸರು ಸರ್ ಎಂ. ವಿಶ್ವೇಶ್ವರಯ್ಯನವರದು.

ಪುಣೆಯಲ್ಲಿಯೇ ಎಂಜಿನಿಯರಿಂಗ್ ಕಲಿತು ಮುಂಬಯಿ ಸರಕಾರದ ಸೇವೆಗೆ ಸೇರಿದ ಅವರು, 1903ರಲ್ಲಿ ಖಡಕವಾಸ್ಲಾದ ಕೋಡಿಗೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಜೋಡಿಸಿದರು. ಕೋಡಿಯ ಮೇಲೆ ಹರಿದು ಹೋಗುತ್ತಿದ್ದ ಮಳೆಗಾಲದ ನೀರು ಒಳಗೇ ನಿಂತಿತು. ಪ್ರವಾಹ ಮಿತಿ ಮೀರಿದರೆ ಬಾಗಿಲು ತಾನಾಗಿ ತೆರೆಯುತ್ತಿತ್ತು. ಕಟ್ಟೆಯನ್ನು ಎತ್ತರಿಸದೆಯೇ ಸಂಗ್ರಹ ಹೆಚ್ಚಿತು. ಇದ್ದುದರಿಂದಲೇ ಹೆಚ್ಚು ಪಡೆಯುವ ಈ ವಿದ್ಯೆಗೆ ಕಠಿಣ ಪರೀಕ್ಷೆ ಎದುರಾದದ್ದು ಎರಡು ದಶಕಗಳ ನಂತರ, ಮೈಸೂರು ಸಂಸ್ಥಾನದಲ್ಲಿ.

ಅವರು ದಿವಾನರಾಗಿದ್ದಾಗ ಯೋಜಿಸಿದ ಭದ್ರಾವತಿಯ ಕಾರ್ಖಾನೆ 1923ರಲ್ಲಿ ಉತ್ಪಾದನೆಗೆ ತೊಡಗಿತು. ಅಷ್ಟರಲ್ಲಿ ಮಹಾಯುದ್ಧ ಮುಗಿದು, ಜಗತ್ತಿನ ಪೇಟೆಯಲ್ಲಿ ಕಬ್ಬಿಣದ ಬೆಲೆ ಕುಸಿದಿತ್ತು. ರಾಜ್ಯದ ಹಣ ನೀರುಪಾಲಾಯಿತೆಂಬ ಟೀಕೆಗಳೆದ್ದವು. ದಿವಾನಗಿರಿಯನ್ನು ಬಿಟ್ಟು ವರ್ಷಗಳಾಗಿದ್ದ ವಿಶ್ವೇಶ್ವರಯ್ಯನವರನ್ನೇ ಸಂಸ್ಥಾನ ಆಡಳಿತ ಮಂಡಳಿಯ ಅಧ್ಯಕ್ಷತೆಗೆ ಕರೆಯಿತು. 1929ರವರೆಗೆ ಅವರು ಆ ಹೊಣೆ ಹೊತ್ತರು.

ವೆಚ್ಚವನ್ನು ಬಿಗಿಗೊಳಿಸಿದರು. ದುಬಾರಿ ಸಂಬಳದ ವಿದೇಶೀ ತಜ್ಞರ ಸ್ಥಾನಗಳಿಗೆ ನಮ್ಮವರನ್ನೇ ತರಬೇತುಗೊಳಿಸಿ ತಂದರು. ಊದುಕುಲುಮೆಗೆ ಬೇಕಾದ ಇದ್ದಿಲನ್ನು ಮಾಡುವಾಗ ಹೊಗೆಯಾಗಿ ಹೋಗುವುದನ್ನು ಬಟ್ಟಿಯಿಳಿಸಿ, ಮದ್ಯಸಾರ, ಟಾರು ಮುಂತಾದವನ್ನು ಪಡೆಯುವ ವ್ಯವಸ್ಥೆ ಮೂಲ ಯೋಜನೆಯಲ್ಲಿಯೇ ಇತ್ತು. ಬೀಡು ಕಬ್ಬಿಣವನ್ನು ಹಾಗೆಯೇ ಮಾರುವುದರ ಜೊತೆಗೆ ಅದರಿಂದ ಕೊಳವೆಗಳನ್ನು ಎರಕ ಹೊಯ್ಯುವ ಕೆಲಸವೂ ಕೂಡಿಕೊಂಡಿತು. ಮಲೆನಾಡಿನ ಕಾಡು ಈ ಕುಲುಮೆಗೆ ತೆತ್ತ ಬೆಲೆಯನ್ನು ಮರೆಯುವಂತಿಲ್ಲ; ಆದರೂ ಕಾರ್ಖಾನೆ ಉಳಿಯಿತು. 1930ರ ದಶಕದ ಮಹಾಕುಸಿತದ ನಡುವೆಯೂ ಮುಚ್ಚದೆ, 1936ರಲ್ಲಿ ಉಕ್ಕಿನ ತಯಾರಿಕೆಗೆ ಕಾಲಿಟ್ಟಿತು.

ಅದೇ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದದ್ದು 2023ರ ಜನವರಿಯಲ್ಲಿ, ಉತ್ಪಾದನೆಗೆ ನೂರು ವರ್ಷ ತುಂಬಿದಾಗ. ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಅದೇ ವರ್ಷ ಕೆಲಸ ಭಾಗಶಃ ಮರಳಿತಾದರೂ ಆತಂಕ ಕರಗಲಿಲ್ಲ.

ಪುಣೆಯ ಕಂಪನಿಗಳಲ್ಲಿ ದುಡಿಯುವ ನಮಗೆ ‘ದಕ್ಷತೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಎದೆ ಝಲ್ಲೆನ್ನುತ್ತದೆ. ಯಾರ ಕೆಲಸ ಹೋಗುವುದೋ ಎಂಬ ಭಯ. ಆದರೆ ಖಡಕವಾಸ್ಲಾದಲ್ಲಿಯೂ ಭದ್ರಾವತಿಯಲ್ಲಿಯೂ ಆ ಮಾತಿಗೆ ಇನ್ನೊಂದು ಅರ್ಥವಿತ್ತು: ಪೋಲಾಗುವುದನ್ನು ಹಿಡಿದಿಡುವುದು, ಇರುವ ಕೈಗಳಿಗೆ ಹೊಸ ಕೆಲಸ ಕಲಿಸುವುದು. ಹಿಂಜರಿತದ ದಿನಗಳಲ್ಲಿ ಮೊದಲು ಕೇಳಬೇಕಾದದ್ದು ಯಾರನ್ನು ಬಿಡೋಣ ಎಂದಲ್ಲ; ಕೋಡಿ ಹರಿದು ಹೋಗುತ್ತಿರುವುದು ಏನು ಎಂದು.