ಈದ್ ಶುಭಾಶಯ ಪತ್ರ: ಕೈಬರಹದ ಒಂದು ಪರಂಪರೆ

ಯಾರಾದರೂ ನಮಗೆ ಅಭಿವಂದನೆ ಸಲ್ಲಿಸಿದರೆ ಅದಕ್ಕಿಂತ ಉತ್ತಮ ರೀತಿಯಲ್ಲಿ, ಇಲ್ಲವೇ ಕನಿಷ್ಠ ಅಷ್ಟೇ ಆದರದಿಂದ ಮರಳಿಸಬೇಕೆಂದು ಪವಿತ್ರ ಕುರ್‌ಆನ್‌ನ ಅನ್ನಿಸಾ ಅಧ್ಯಾಯದ 86ನೇ ಸೂಕ್ತವು ಬೋಧಿಸುತ್ತದೆ. ಈದ್ ದಿನ ಸಹಾಬಿಗಳು ಪರಸ್ಪರ ಭೇಟಿಯಾದಾಗ, ಅಲ್ಲಾಹನು ನಮ್ಮಿಂದಲೂ ನಿಮ್ಮಿಂದಲೂ ಸತ್ಕರ್ಮಗಳನ್ನು ಸ್ವೀಕರಿಸಲಿ ಎಂದು ಪ್ರಾರ್ಥಿಸುತ್ತಿದ್ದರೆಂದು ತಾಬಿಈ ಜುಬೈರ್ ಬಿನ್ ನುಫೈರ್(ರಹ) ವರದಿ ಮಾಡಿದ್ದಾರೆ. ಈದ್ ಶುಭಾಶಯದ ತಿರುಳು ಈ ಪ್ರಾರ್ಥನೆಯೇ. ಶುಭಾಶಯ ಪತ್ರವು ಆರಾಧನಾ ಕರ್ಮವಲ್ಲ. ಅದು ನಂತರದ ಕಾಲದಲ್ಲಿ ಬೆಳೆದುಬಂದ ರೂಢಿ. ಆದರೆ ಆ ರೂಢಿಯ ಹಿಂದೆ ಕಾಗದ, ಕಲಮು ಮತ್ತು ಮಸಿಯ ಸುದೀರ್ಘ ಇತಿಹಾಸವಿದೆ.

ಪತ್ರವನ್ನು ಸ್ವೀಕರಿಸುವವರ ಮನಸ್ಸನ್ನು ಅರಿತು ಬರೆಯಬೇಕೆಂಬುದಕ್ಕೆ ಪ್ರವಾದಿವರ್ಯರ(ಸ) ಜೀವನದಲ್ಲೇ ಮಾದರಿಯಿದೆ. ರೋಮನ್ ದೊರೆಗೆ ಪತ್ರ ಬರೆಯಲು ಅವರು(ಸ) ನಿರ್ಧರಿಸಿದಾಗ, ಮುದ್ರೆಯಿಲ್ಲದ ಪತ್ರವನ್ನು ಆ ಜನರು ಓದುವುದಿಲ್ಲವೆಂದು ಅವರಿಗೆ ತಿಳಿಸಲಾಯಿತು. ಆಗ ಅವರು(ಸ) ಬೆಳ್ಳಿಯ ಉಂಗುರವೊಂದನ್ನು ಮಾಡಿಸಿ, ಅದರಲ್ಲಿ 'ಮುಹಮ್ಮದುರ್ರಸೂಲುಲ್ಲಾಹ್' ಎಂದು ಕೆತ್ತಿಸಿದರು. ಸಂದೇಶದಲ್ಲಿ ಯಾವ ರಾಜಿಯೂ ಇರಲಿಲ್ಲ. ಅದನ್ನು ತಲುಪಿಸುವ ವಿಧಾನದಲ್ಲಿ ಮಾತ್ರ ಎದುರಿಗಿರುವವರ ರೀತಿನೀತಿಗೆ ಗೌರವವಿತ್ತು.

ಮುಂದಿನ ಶತಮಾನಗಳಲ್ಲಿ ಮುಸ್ಲಿಮ್ ಜಗತ್ತು ಬರವಣಿಗೆಯನ್ನು ಉನ್ನತ ಕಲೆಯಾಗಿ ಬೆಳೆಸಿತು. ಬಗ್ದಾದ್‌ನ ವಝೀರರಾಗಿದ್ದ ಇಬ್ನ್ ಮುಖ್ಲಾ (ಮರಣ ಕ್ರಿ.ಶ. 940) ಅಕ್ಷರಗಳಿಗೆ ನಿಶ್ಚಿತ ಪ್ರಮಾಣಗಳನ್ನು ರೂಪಿಸಿದವರೆಂದು ಖ್ಯಾತರು. ಕಲಮಿನ ತುದಿಯನ್ನು ಕಾಗದಕ್ಕೆ ಒತ್ತಿದಾಗ ಮೂಡುವ ಚೌಕದಂಥ ಚುಕ್ಕೆಯೇ ಅಳತೆಗೋಲು. 'ಅಲಿಫ್'ನ ಎತ್ತರವನ್ನು ಇಷ್ಟು ಚುಕ್ಕೆಗಳೆಂದು ನಿಗದಿಪಡಿಸಿ ಉಳಿದ ಅಕ್ಷರಗಳನ್ನು ಅದಕ್ಕೆ ಹೊಂದಿಸಲಾಗುತ್ತದೆ. ರಾಜಕೀಯ ದ್ವೇಷಕ್ಕೆ ಬಲಿಯಾಗಿ ಅವರು ತಮ್ಮ ಬಲಗೈಯನ್ನು ಕಳೆದುಕೊಳ್ಳಬೇಕಾಯಿತು. ಅವರ ವಿದ್ಯೆ ಮಾತ್ರ ಅಳಿಯಲಿಲ್ಲ. ನಂತರ ಬಂದ ಇಬ್ನುಲ್ ಬವ್ವಾಬ್ ಅದನ್ನು ಇನ್ನಷ್ಟು ಪರಿಷ್ಕರಿಸಿದರು.

ಲಿಪಿಕಾರರ ಕೆಲಸ ಬರೆಯುವುದಕ್ಕಿಂತ ಬಹಳ ಮೊದಲೇ ಆರಂಭವಾಗುತ್ತಿತ್ತು. ಕಾಗದಕ್ಕೆ ಗಂಜಿಯನ್ನು ಅಥವಾ ಪಟಿಕ ಬೆರೆಸಿದ ಮೊಟ್ಟೆಯ ಬಿಳಿಯನ್ನು ಸವರಿ, ಒಣಗಿದ ಬಳಿಕ ಅಕೀಕ್‌ನಂತಹ ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ಬರಿಸುತ್ತಿದ್ದರು. ದೀಪದ ಕಾಡಿಗೆಗೆ ಅಂಟು ಬೆರೆಸಿ ಮಸಿ ತಯಾರಿಸುತ್ತಿದ್ದರು. ಜೊಂಡಿನ ಕಲಮನ್ನು ಓರೆಯಾಗಿ ಕತ್ತರಿಸಿ, ತುದಿಯನ್ನು ಸೀಳುತ್ತಿದ್ದರು. ಮಸಿ ಒಮ್ಮೆಲೇ ಸುರಿಯದಂತೆ ಮಸಿಕುಡಿಕೆಯಲ್ಲಿ ರೇಷ್ಮೆಯ ಎಳೆಗಳನ್ನು ಇಡುತ್ತಿದ್ದರು. ತಾಳ್ಮೆಯಿಲ್ಲದವರಿಗೆ ಈ ಕಲೆ ಒಲಿಯುತ್ತಿರಲಿಲ್ಲ.

ಈ ಪರಂಪರೆ ನಮ್ಮ ನಾಡಿಗೂ ಬಂತು. 1472ರಲ್ಲಿ ಮಹ್ಮೂದ್ ಗವಾನ್ ಬೀದರ್‌ನಲ್ಲಿ ಕಟ್ಟಿಸಿದ ಮದ್ರಸಾದ ಗೋಡೆಯ ಮೇಲೆ ಬಣ್ಣದ ಹೆಂಚುಗಳಲ್ಲಿ ಮೂಡಿದ ಅಕ್ಷರಗಳ ಅವಶೇಷಗಳನ್ನು ಇಂದಿಗೂ ಕಾಣಬಹುದು. ಬಿಜಾಪುರದ ಎರಡನೆಯ ಇಬ್ರಾಹೀಮ್ ಆದಿಲ್ ಶಾಹ್ (ಆಳ್ವಿಕೆ 1580-1627) ಲಿಪಿಕಾರ ಖಲೀಲುಲ್ಲಾಹ್‌ರಿಗೆ 'ಲೇಖನಿಯ ಬಾದಶಾಹ' ಎಂಬ ಅರ್ಥದ ಬಿರುದನ್ನಿತ್ತು ಗೌರವಿಸಿದರು. 17ನೇ ಶತಮಾನದ ಬಿಜಾಪುರದಲ್ಲಿ 'ಅಬ್ರಿ' ಕಾಗದದ ಕಲೆಯೂ ಅರಳಿತು. ಅಂಟು ದ್ರವದ ಮೇಲೆ ಬಣ್ಣಗಳನ್ನು ತೇಲಿಬಿಟ್ಟು, ಕಾಗದವನ್ನು ಮೆಲ್ಲನೆ ಅದರ ಮೇಲಿಟ್ಟು ಎತ್ತಿದರೆ ಮೋಡದಂಥ ವಿನ್ಯಾಸ ಮೂಡುತ್ತದೆ. ಒಂದು ಹಾಳೆಯಲ್ಲಿ ಮೂಡಿದ ವಿನ್ಯಾಸ ಮತ್ತೊಂದರಲ್ಲಿ ಹಾಗೆಯೇ ಮೂಡುವುದಿಲ್ಲ.

ಈದ್ ಕಾರ್ಡ್‌ಗಳು ಮನೆಮನೆಗೆ ತಲುಪಿದ್ದು ಅಂಚೆ ಮತ್ತು ರೈಲಿನ ಕಾಲದಲ್ಲಿ. 1879ರಲ್ಲಿ ಭಾರತದಲ್ಲಿ ಕಾಲಾಣೆಯ ಅಂಚೆ ಕಾರ್ಡ್ ಬಂತು. ದೂರದ ಊರುಗಳಲ್ಲಿ ದುಡಿಯುತ್ತಿದ್ದವರಿಗೆ ಮನೆಯವರೊಂದಿಗೆ ಮಾತನಾಡಲು ಅಗ್ಗದ ದಾರಿಯೊಂದು ತೆರೆಯಿತು. ಆರಂಭದಲ್ಲಿ ಯುರೋಪಿನಿಂದ ಬಂದ ಚಿತ್ರದ ಕಾರ್ಡ್‌ಗಳ ಮೇಲೆಯೇ ಉರ್ದುವಿನಲ್ಲಿ ಈದ್ ಶುಭಾಶಯ ಅಚ್ಚೊತ್ತಿ ಮಾರಲಾಗುತ್ತಿತ್ತು. 20ನೇ ಶತಮಾನದ ಆರಂಭದ ದಶಕಗಳಲ್ಲಿ ಲಾಹೋರ್, ದಿಲ್ಲಿ, ಮುಂಬೈಗಳ ಪ್ರಕಾಶಕರು ಸ್ವಂತ ಕಾರ್ಡ್‌ಗಳನ್ನು ಹೊರತಂದರು. ಅಚ್ಚಾದ ಕಾರ್ಡ್‌ನಲ್ಲೂ ಕಳುಹಿಸುವವರು ಹೆಸರು, ಸಲಾಮ್ ಮತ್ತು ದುಆವನ್ನು ಕೈಯಾರೆ ಬರೆಯಬೇಕಿತ್ತು.

ಇಂದು ಆ ಒಂದು ಸಾಲೂ ಇಲ್ಲವಾಗಿದೆ. ಯಾರೋ ರಚಿಸಿದ ಚಿತ್ರವು ಮೊಬೈಲ್‌ನಲ್ಲಿ ಒಂದೇ ಕ್ಷಣದಲ್ಲಿ ನೂರಾರು ಜನರಿಗೆ ಸಾಗುತ್ತದೆ. ತಂತ್ರಜ್ಞಾನದಲ್ಲಿ ದೋಷವಿಲ್ಲ, ದೂರದಲ್ಲಿರುವ ಬಂಧುಗಳಿಗೆ ಅದು ಅನುಗ್ರಹವೇ ಸರಿ. ಆದರೆ ಪ್ರತಿಯೊಬ್ಬರಿಗೂ ಕಳುಹಿಸಿದ್ದರಲ್ಲಿ ಯಾರೊಬ್ಬರ ನೆನಪೂ ಇರುವುದಿಲ್ಲ. ಅಜ್ಜಿಯ ಹೆಸರನ್ನು ಒಮ್ಮೆಯೂ ಕೈಯಾರೆ ಬರೆಯದ ಮಗುವಿಗೆ ಕುಟುಂಬ ಸಂಬಂಧದ ಬೆಲೆಯನ್ನು ಮಾತಿನಿಂದಷ್ಟೇ ತಿಳಿಸುವುದು ಕಷ್ಟ.

ಆದುದರಿಂದ ರಮಝಾನ್‌ನ ಕೊನೆಯ ವಾರದಲ್ಲಿ ಮಕ್ಕಳೊಂದಿಗೆ ಕುಳಿತು ಒಂದೆರಡು ಕಾರ್ಡ್‌ಗಳನ್ನಾದರೂ ತಯಾರಿಸೋಣ. ಮೊದಲು ಯಾರಿಗೆ ಎಂಬುದು ನಿರ್ಧಾರವಾಗಲಿ. ಅಜ್ಜನ ಕಣ್ಣು ಮಂಜಾಗಿದ್ದರೆ ಅಕ್ಷರಗಳು ದೊಡ್ಡದಾಗಿರಲಿ. ನೆರೆಮನೆಯವರಿಗಾದರೆ ಅವರಿಗೆ ತಿಳಿಯುವ ಕನ್ನಡದಲ್ಲಿರಲಿ. ದಪ್ಪ ಹಾಳೆಯನ್ನು ಮಡಚಿ, ಪೆನ್ಸಿಲ್‌ನಿಂದ ತೆಳುಗೆರೆ ಎಳೆದು, ಚುಕ್ಕೆಗಳಿಂದ ಅಳೆದು ಮಕ್ಕಳೇ ಬರೆಯಲಿ. ದುಬಾರಿ ಅಲಂಕಾರ ಬೇಡ; ದುಂದು ಇಸ್ಲಾಮಿಗೆ ಒಪ್ಪಿತವಲ್ಲ. ಅಲ್ಲಾಹನ ನಾಮವಿರುವ ಕಾಗದವನ್ನು ಎಲ್ಲೆಂದರಲ್ಲಿ ಎಸೆಯಬಾರದೆಂಬ ಶಿಷ್ಟಾಚಾರವನ್ನೂ ಜೊತೆಗೇ ಕಲಿಸೋಣ.

ಅಕ್ಷರ ಸೊಟ್ಟಗಾದರೂ ಚಿಂತೆಯಿಲ್ಲ. ಅಜ್ಜಿಯ ಕೈಸೇರುವ ಆ ಹಾಳೆಯಲ್ಲಿ ಮಗುವೊಂದು ಅವರಿಗಾಗಿಯೇ ಕಳೆದ ಸಮಯವಿರುತ್ತದೆ, ಅವರಿಗಾಗಿಯೇ ಮಾಡಿದ ದುಆ ಇರುತ್ತದೆ. ಪಡೆದ ಅಭಿವಂದನೆಯನ್ನು ಉತ್ತಮವಾಗಿ ಮರಳಿಸುವ ದಾರಿಗಳಲ್ಲಿ ಇದೂ ಒಂದು.