ಕೋಟೆಯ ಮಣ್ಣು, ಬಿದರಿಯ ಕಪ್ಪು

ಕಡಲು ಕಾಣದ ಬೀದರಿಗೂ ಕಡಲ ಚಿಪ್ಪು ಬಂದಿತ್ತು. ಕೋಟೆಯ ರಂಗೀನ್ ಮಹಲಿನ ಕರಿಗಲ್ಲಿನಲ್ಲಿ 16ನೇ ಶತಮಾನದ ಬರೀದ್‌ಶಾಹಿ ಕಾಲದ ಮುತ್ತಿನ ಚಿಪ್ಪಿನ ಕುಸುರಿ ಇಂದಿಗೂ ಹೊಳೆಯುತ್ತದೆ. ಅದೇ ಕೋಟೆಯ ಹಾಳು ಮೂಲೆಗಳಿಂದ ಮಣ್ಣನ್ನು ಬಾಚಿ ತಂದು ಬೀದರಿನ ಕುಶಲಕರ್ಮಿಗಳು ಇನ್ನೊಂದು ಕಲೆಗೆ ಬಣ್ಣ ಕೊಟ್ಟರು. ಅದೇ ಬಿದರಿ.

ಬಹಮನಿ ಸುಲ್ತಾನರ ಆಶ್ರಯದಲ್ಲಿ ಬೆಳೆದ ಈ ಕಲೆಯಲ್ಲಿ ಪಾತ್ರೆಯ ಮೈ ಬಹುಪಾಲು ಸತುವಿನದು, ತಾಮ್ರ ಅಲ್ಪ. ಎರಕ ಹೊಯ್ದು, ಅರದಿಂದ ಉಜ್ಜಿ, ಚಿತ್ತಾರ ಕಾಣಲೆಂದು ಮೈಲುತುತ್ತ ಸವರುತ್ತಾರೆ. ಉಳಿಯಿಂದ ಕೆತ್ತಿದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಬೆಳ್ಳಿ ಯಾವುದು, ಸತು ಯಾವುದು ಎಂದು ಗುರುತು ಹತ್ತದು. ಆಗ ಬರುವುದು ಮಣ್ಣಿನ ಸರದಿ. ಕೋಟೆಯ ಮಣ್ಣು, ನವಸಾಗರ ಬೆರೆಸಿದ ಬಿಸಿ ದ್ರಾವಣ ತಗುಲಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಎಲ್ಲ ಮಣ್ಣೂ ಇದಕ್ಕೆ ಒದಗದು. ಬಹುಕಾಲ ಬಿಸಿಲು ಮಳೆ ತಾಗದ ಒಳಭಾಗದ ಮಣ್ಣೇ ಆಗಬೇಕು. ನುರಿತವರು ನಾಲಿಗೆಗೆ ಮುಟ್ಟಿಸಿ ಅದರ ಗುಣ ಅರಿಯುತ್ತಾರೆ. ಅದರಲ್ಲಿರುವ ನೈಟ್ರೇಟ್ ಲವಣಗಳೇ ಕಪ್ಪಿಗೆ ಕಾರಣವೆಂಬುದು ರಸಾಯನಶಾಸ್ತ್ರದ ವಿವರಣೆ.

ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿತು. ಆದರೆ ಬೆಳ್ಳಿ, ಸತುವಿನಂತೆ ಈ ಮಣ್ಣು ಪೇಟೆಯ ಸರಕಲ್ಲ. ಕೋಟೆ ಸಂರಕ್ಷಿತ ಸ್ಮಾರಕ, ಅದನ್ನು ಮನಬಂದಂತೆ ಅಗೆಯಲಾಗದು. ಕಲೆಗೋ ಹಿಡಿ ಮಣ್ಣು ಬೇಕೇ ಬೇಕು. ಸ್ಮಾರಕಕ್ಕೂ ಕುಲುಮೆಗೂ ಹಾನಿಯಾಗದ ದಾರಿ ಕಂಡುಕೊಂಡರೆ ಮಾತ್ರ ಬಿದರಿಯ ಕಪ್ಪು ಉಳಿದೀತು.