ಸಿದ್ದಾಪುರ ಸೀಮೆಯ ಕರನಿರಾಕರಣೆ

ಒಕ್ಕಲುತನದವನಿಗೆ ಭೂಮಿಯೇ ಜೀವನಾಧಾರವು. ಅದನ್ನೇ ಪಣವಾಗಿಟ್ಟು ಸರಕಾರಕ್ಕೆ ಕಂದಾಯವನ್ನು ಕೊಡೆವೆಂದ ರೈತರ ವೃತ್ತಾಂತವು, ಮನ್ಮನೆ ಮೊದಲಾದ ಗ್ರಾಮಗಳುಳ್ಳ ಸಿದ್ದಾಪುರ ಸೀಮೆಯ ಇತಿಹಾಸದಲ್ಲಿ ಚಿರಸ್ಮರಣೀಯವಾದುದು.

ಆಗ ಉತ್ತರ ಕನ್ನಡ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿದ್ದಿತು. 1930ರಲ್ಲಿ ಮಹಾತ್ಮಾ ಗಾಂಧಿಯವರು ಕಾಯಿದೆಭಂಗದ ಚಳುವಳಿಯನ್ನಾರಂಭಿಸಲು, ಸಿದ್ದಾಪುರ, ಅಂಕೋಲೆಗಳ ರೈತರು ಕರನಿರಾಕರಣೆಯನ್ನು ಕೈಕೊಂಡರು. 1931ರ ಗಾಂಧಿ-ಇರ್ವಿನ್ ಒಪ್ಪಂದದಿಂದ ತಡೆದು ನಿಂತ ಹೋರಾಟವು 1932ರಲ್ಲಿ ಪುನಃ ಮೊದಲಾಯಿತು. ಅಧಿಕಾರಿಗಳು ರೈತರ ಸೊತ್ತನ್ನೂ, ಕಡೆಗೆ ಭೂಮಿಯನ್ನೂ ಜಪ್ತಿಮಾಡಿ ಲಿಲಾವಿಗಿಟ್ಟರು.

ಜನರ ನಿಷ್ಠೆಯು ಒರೆಗೆ ಬಂದುದು ಇಲ್ಲಿಯೇ. ಸರಕಾರದ ಬಲವು ಜಪ್ತಿಯಲ್ಲಿದ್ದರೆ, ಜಪ್ತಿಯ ಬಲವು ಕೊಳ್ಳುವವರ ಕೈಯಲ್ಲಿದ್ದಿತು. ನೆರೆಯವನು ಲಿಲಾವು ಕೂಗಿದರೆ ರೈತನು ಕೆಟ್ಟನು, ಕೂಗದಿದ್ದರೆ ಬದುಕಿದನು. ಆದುದರಿಂದಲೇ ಮಾವಿನಗುಂಡಿಯಲ್ಲಿ ಸ್ತ್ರೀಯರು, ಜಪ್ತಿಯ ಸೊತ್ತನ್ನು ಕೊಂಡವರ ಮನೆಯ ಮುಂದೆ ಉಪವಾಸ ಕುಳಿತರು. ಅವರು ಬೇಡಿದುದು ದಂಡನೆಯನ್ನಲ್ಲ, ಕೊಂಡವರ ಮನಃಪರಿವರ್ತನೆಯನ್ನು.

1937ರಲ್ಲಿ ಮುಂಬಯಿಯಲ್ಲಿ ಖೇರರ ಕಾಂಗ್ರೆಸ್ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಮರುವರ್ಷ, ಜಪ್ತಿಯಾದ ಭೂಮಿಯನ್ನು ಒಡೆಯರಿಗೆ ಮರಳಿಸುವ ಕಾಯಿದೆಯಾಯಿತು. ಕಳೆದ ಹೊಲವನ್ನು ಕಾಯಿದೆಯು ಕೊಡಿಸಬಲ್ಲುದು. ನೆರೆಹೊರೆಯ ಕಳೆದ ವಿಶ್ವಾಸವನ್ನು ಯಾವ ಸರಕಾರವೂ ಕೊಡಿಸಲಾರದು. ಅದನ್ನು ಉಳಿಸಿಕೊಂಡವರೇ ಆ ಹೋರಾಟದಲ್ಲಿ ನಿಜವಾಗಿ ಗೆದ್ದವರು.